ತಾಯಿಯನ್ನು ಕಂಡು ಮರಿಯನ್ನು ತನ್ನಿ

ಮನೆಯಲ್ಲಿ ನಾಯಿ ಸಾಕುವ ವಿಚಾರವಾಗಿ ಈ ಅಂಕಣಕ್ಕೆ ಆಗಾಗ ಓಲೆಗಳು ಬರುವುದುಂಟು. ನಾಯಿ ಜಗಲಿಯಲ್ಲಿರಬೇಕೋ, ಪಡಸಾಲೆಗೆ ಬರಬಹುದೋ ಎಂಬಂಥ ಪ್ರಶ್ನೆಗಳೇ ಅವುಗಳಲ್ಲಿ ಹೆಚ್ಚು. ಈ ಸಲ ಬಂದ ಓಲೆ ಬೇರೆ ಬಗೆಯದು. ಮಗನ ಹಟಕ್ಕೆ ಮಣಿದ ತಾಯಿಯೊಬ್ಬರು ಫೋನಿನಲ್ಲಿ ಚಿತ್ರ ನೋಡಿ ಮುಧೋಳ ನಾಯಿಯ ಮರಿಯೊಂದನ್ನು ಗೊತ್ತುಮಾಡಿದರು. ಮುಂಗಡವೆಂದು 5,000 ರೂಪಾಯಿ ಕಳುಹಿಸಿದರು. ಮರುದಿನ ಮರಿಯ ಪೆಟ್ಟಿಗೆಯ ಬಾಡಿಗೆ, ಅದರ ಮರುದಿನ ರೈಲಿನ ಪಾರ್ಸೆಲ್ ಖರ್ಚು, ಆಮೇಲೆ ಹಿಂದಿರುಗಿಸುವ ಮಾತಿನ ವಿಮೆಯ ಠೇವಣಿ; ಹೀಗೆ ನಾಲ್ಕು ಬಾರಿ ಹಣ ಹೋದ ಮೇಲೆ ಆ ಫೋನು ಮೂಕವಾಯಿತು. ಹುಡುಗ ಮರಿಗೆ ಹೆಸರಿಟ್ಟು, ಹಳೆಯ ಕೌದಿಯ ತುಂಡೊಂದನ್ನು ಮೂಲೆಯಲ್ಲಿ ಹಾಸಿ ಕಾದಿದ್ದನಂತೆ. ಹಣದ ಮಾತು ಹಾಗಿರಲಿ, ಅವನಿಗೆ ಏನೆಂದು ಹೇಳಲಿ ಎಂಬುದು ಆ ತಾಯಿಯ ಪ್ರಶ್ನೆ.

ನಿಜವನ್ನೇ ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಮಾರುತ್ತೇನೆಂದವನ ಬಳಿ ಮರಿಯೇ ಇರಲಿಲ್ಲ. ಇಂಥ ವಂಚಕರು ತೋರಿಸುವುದು ಸಾಮಾನ್ಯವಾಗಿ ಮತ್ತಾರದೋ ಮನೆಯ ಮರಿಯ ಕದ್ದ ಚಿತ್ರವನ್ನು. ಆ ಮರಿ ದಾರಿಯಲ್ಲಿ ಪೆಟ್ಟಿಗೆಯೊಳಗೆ ಸಿಕ್ಕಿ ನರಳುತ್ತಿಲ್ಲ ಎಂದು ತಿಳಿದರೆ ಹುಡುಗನ ಎದೆಯ ಭಾರ ಅರ್ಧದಷ್ಟಾದರೂ ಇಳಿದೀತು. ಮಕ್ಕಳು ಹಣಕ್ಕಾಗಿ ಅಳುವುದಿಲ್ಲ, ಮರಿಗಾಗಿ ಅಳುತ್ತಾರೆ.

ಇನ್ನು ದೊಡ್ಡವರ ಮಾತು. ಮುಧೋಳ ನಾಯಿ ದೂರದೇಶದ ಸರಕಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ಒಂದು ಕಾಲಕ್ಕೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಅಲ್ಲಿನ ಅರಸ ಮಾಲೋಜಿರಾವ್ ಘೋರ್ಪಡೆಯವರು ಬೇಟೆಗೆ ಒದಗುವ ಈ ತಳಿಯನ್ನು ಮುತುವರ್ಜಿಯಿಂದ ಬೆಳೆಸಿದರು. ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟರೆಂದೂ ಆ ಬಳಿಕವೇ ಊರಿನ ಹೆಸರು ನಾಯಿಗೆ ಅಂಟಿತೆಂದೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆಯು ಭಾರತೀಯ ನಾಯಿತಳಿಗಳ ಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಇದೂ ಒಂದಾಗಿತ್ತು. 2016ರಲ್ಲಿ ಸೇನೆಯವರು ಇದರ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದರು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಮಾತಿನಲ್ಲಿ ಇದರ ಹೆಸರೆತ್ತಿದರು. ಹೆಸರು ಬೆಳೆದ ಹಾಗೆಲ್ಲ ಹೆಸರನ್ನು ಮಾರಿಕೊಳ್ಳುವವರೂ ಬೆಳೆದರು. ಬೇರೆ ಬೇಟೆನಾಯಿಗಳೊಡನೆ ಬೆರೆತ ಮರಿಗಳನ್ನು ಅಚ್ಚ ಮುಧೋಳವೆಂದು ದಾಟಿಸುವವರಿದ್ದಾರೆ. ತಿಂಗಳ ಕೂಸನ್ನು ನೋಡಿ ಬಲ್ಲವರೂ ಖಚಿತವಾಗಿ ಹೇಳುವುದು ಕಷ್ಟ.

ಆದುದರಿಂದ ನೋಡಬೇಕಾದುದು ಮೊದಲು ಮರಿಯನ್ನಲ್ಲ, ತಾಯಿಯನ್ನು. ಮರಿ ಹುಟ್ಟಿದ ಸ್ಥಳಕ್ಕೇ ಹೋಗಿ, ತಾಯಿ ತನ್ನ ಮರಿಗಳ ನಡುವೆ ಮಲಗಿರುವುದನ್ನು ಕಣ್ಣಾರೆ ಕಾಣಬೇಕು. ನೀಳವಾದ ಕಿರಿದಾದ ತಲೆ, ಆಳವಾದ ಎದೆ, ಒಳಕ್ಕೆ ಸೇದಿದ ಹೊಟ್ಟೆ, ನುಣುಪಾದ ಗಿಡ್ಡ ಕೂದಲು ಇವು ಬೆಳೆದ ಮುಧೋಳ ನಾಯಿಯ ಲಕ್ಷಣಗಳು. ಪಕ್ಕೆಲುಬು ತುಸು ಕಂಡರೆ ಹಸಿವಿನಿಂದ ಸೊರಗಿದೆಯೆಂದು ಗಾಬರಿಯಾಗಬೇಕಿಲ್ಲ, ಅದು ಓಟದ ಮೈಕಟ್ಟು. ಆದರೆ ಕಣ್ಣು ಮಂಕಾಗಿ, ಮೈ ಕಜ್ಜಿಗಟ್ಟಿ, ಕಂಡವರನ್ನು ಕಂಡು ಮೂಲೆಗೆ ಮುದುಡುವ ತಾಯಿಯಿದ್ದರೆ ಆ ಮನೆಯನ್ನು ಬಿಟ್ಟು ಬರುವುದು ಲೇಸು. ತಾಯಿ ಬೇರೆ ಊರಿನಲ್ಲಿದೆ, ನೀವು ಬರುವುದು ಬೇಡ, ಬಸ್ ನಿಲ್ದಾಣಕ್ಕೆ ನಾವೇ ಮರಿಯನ್ನು ತರುತ್ತೇವೆ ಎನ್ನುವವರೊಡನೆ ಮಾತನ್ನೇ ಬೆಳೆಸಬಾರದು. ಬಾಗಲಕೋಟೆ, ವಿಜಯಪುರದ ಸೀಮೆಯಲ್ಲಿ ಬೀಗರು ಬಿಜ್ಜರಿಲ್ಲದ ಮನೆ ನಮ್ಮ ಓದುಗರಲ್ಲಿ ವಿರಳ. ಮಗಳಿಗೆ ಗಂಡು ನೋಡುವಾಗ ನಾಲ್ಕೂರು ವಿಚಾರಿಸುವ ನಾವು ಹನ್ನೆರಡು ವರ್ಷ ಮನೆಯಲ್ಲಿರಬೇಕಾದ ಜೀವಕ್ಕಾಗಿ ಒಂದೂರನ್ನಾದರೂ ವಿಚಾರಿಸಬಾರದೇ?

ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಬಗ್ಗೆ ಸಂದೇಹವಿದ್ದವರು ಅಲ್ಲಿಂದಲೇ ವಿಚಾರಣೆ ಪ್ರಾರಂಭಿಸುವುದು ಯುಕ್ತ. ಸುತ್ತಲ ಹಳ್ಳಿಗಳಲ್ಲಿ ನಾಯಿ ಸಾಕುವುದನ್ನೇ ಕಾಯಕ ಮಾಡಿಕೊಂಡ ಕುಟುಂಬಗಳು ಅನೇಕವಿವೆ. ಅವರಲ್ಲಿ ನಿಯತ್ತಿನವರು ಗಿರಾಕಿಯನ್ನು ಪ್ರಶ್ನಿಸುತ್ತಾರೆ: ಮನೆ ಎಷ್ಟು ದೊಡ್ಡದು, ಓಡಲು ಬಯಲಿದೆಯೇ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು. ಈ ಪ್ರಶ್ನೆಗಳಿಂದ ಕೆಲವರಿಗೆ ಅವಮಾನವಾದಂತಾಗುತ್ತದೆ. ನಮಗಂತೂ ಇದಕ್ಕಿಂತ ಉತ್ತಮ ಗುರುತು ಇನ್ನೊಂದಿಲ್ಲವೆನಿಸುತ್ತದೆ. ಹಣವನ್ನಷ್ಟೇ ಕೇಳಿ ಬೇರೇನನ್ನೂ ಕೇಳದವನು ಮರಿಯ ಮುಂದಿನ ಪಾಡನ್ನು ಯೋಚಿಸಿದವನಲ್ಲ. ನೂರು ಗಜ ಓಡಲು ಜಾಗವಿಲ್ಲದ ಮೂರನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ ಬೇಟೆನಾಯಿಯನ್ನು ಕಟ್ಟಿಹಾಕುವುದು ಕ್ರೌರ್ಯವೇ. ಅಂಥ ಮನೆಗೆ ಬೀದಿಯ ಮರಿಯೊಂದನ್ನು ತಂದು ಲಸಿಕೆ ಹಾಕಿಸಿ ಸಾಕುವುದು ಎಷ್ಟೋ ಮೇಲು. ಅದಕ್ಕೆ ಮುಂಗಡವೂ ಇಲ್ಲ, ವಂಚನೆಯೂ ಇಲ್ಲ.

ಕಾನೂನಿನ ಬಲವೂ ಕೊಳ್ಳುವವರ ಕಡೆಗಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಅಡಿಯಲ್ಲಿ 2017ರಲ್ಲಿ ನಾಯಿಗಳ ತಳಿ ಬೆಳೆಸುವಿಕೆ ಮತ್ತು ಮಾರಾಟದ ನಿಯಮಗಳು ಬಂದವು. ಮಾರಾಟಕ್ಕಾಗಿ ನಾಯಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳಾಗದ ಹೆಣ್ಣುನಾಯಿಯಿಂದ ಮರಿ ಪಡೆಯುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಆಯುಷ್ಯದಲ್ಲಿ ಐದನ್ನು ಮೀರಕೂಡದು. ಮರಿಯ ಚರ್ಮದಡಿ ಗುರುತಿನ ಮೈಕ್ರೋಚಿಪ್ ಇರಬೇಕು, ಲಸಿಕೆಯ ದಾಖಲೆ ಕೊಡಬೇಕು. ನೋಂದಣಿಪತ್ರ ತೋರಿಸಿರೆಂದು ಕೇಳುವುದರಲ್ಲಿ ಸಂಕೋಚಪಡಬೇಕಾದ ಕಾರಣವಿಲ್ಲ. ಈ ತಾಯಿಯ ಎಷ್ಟನೆಯ ಸೂಲು ಇದು ಎಂದೂ ಕೇಳಿ. ವರ್ಷವಿಡೀ ಹೆತ್ತು ಹೆತ್ತು ಜೋಲು ಬಿದ್ದ ಒಡಲಿನ ನಾಯಿಯ ಮರಿಯನ್ನು ಕನಿಕರದಿಂದ ಕೊಂಡರೂ ಅದು ಆ ಮಾಲೀಕನಿಗೆ ಮುಂದಿನ ಸೂಲಿನ ಬಂಡವಾಳವಾಗುತ್ತದೆ.

ವಯಸ್ಸಿನ ಸುಳ್ಳು ಎಲ್ಲಕ್ಕಿಂತ ಸಾಮಾನ್ಯವಾದುದು. ತಿಂಗಳ ಮರಿಯನ್ನು ಎರಡು ತಿಂಗಳದೆಂದು ಕೊಡುತ್ತಾರೆ. ಬಾಯಿ ತೆರೆಸಿ ನೋಡಿರಿ: ಹಾಲುಹಲ್ಲುಗಳು ಮೂರನೆಯ ವಾರದ ಹೊತ್ತಿಗೆ ಮೂಡತೊಡಗಿ ಎಂಟನೆಯ ವಾರದ ಸುಮಾರಿಗೆ 28 ಹಲ್ಲುಗಳೂ ಬಂದಿರುತ್ತವೆ. ಹಿಂದಿನ ದವಡೆ ಬೋಳಾಗಿದ್ದರೆ ಹೇಳಿದ ವಯಸ್ಸು ಸುಳ್ಳೆಂದೇ ಶಂಕಿಸಬೇಕು. ಮೈ ಬಡಕಲಾಗಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳುವಿನ ಗುಮಾನಿ. ಬೇಗ ತಾಯಿಯನ್ನು ಬಿಟ್ಟ ಮರಿ ರೋಗಕ್ಕೂ ಬೇಗ ತುತ್ತಾಗುತ್ತದೆ, ಒಡಹುಟ್ಟಿದವುಗಳೊಡನೆ ಆಡಿ ಕಲಿಯಬೇಕಾದುದನ್ನು ಕಲಿಯದೆ ಮುಂದೆ ಕಚ್ಚುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬಹುದು.

ರೋಗಗಳಲ್ಲಿ ಪಾರ್ವೋ ಎಂಬುದು ಮರಿಗಳ ಪಾಲಿನ ಮಾರಿ. ಸೋಂಕು ತಗುಲಿದ ಮೇಲೆ ಹಲವು ದಿನ ಏನೂ ಕಾಣಿಸದು. ಕೊಂಡು ತಂದ ನಾಲ್ಕೈದನೆಯ ದಿನ ವಾಂತಿ, ರಕ್ತಭೇದಿ ಶುರುವಾಗುತ್ತದೆ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರದವರೆಗೆ ಮುಂದಿನವು, ಮೂರು ತಿಂಗಳಿಗೆ ರೇಬೀಸಿನ ಲಸಿಕೆ ಎಂಬುದು ವಾಡಿಕೆಯ ಕ್ರಮ. ಲಸಿಕೆಯ ಪುಸ್ತಕದಲ್ಲಿ ಔಷಧದ ಶೀಶೆಯ ಚೀಟಿ, ದಿನಾಂಕ, ವೈದ್ಯರ ಸಹಿ ಮೊಹರು ಮೂರೂ ಇರಬೇಕು. ಬರಿಯ ಟಿಕ್ಕು ಗುರುತು ಸಾಲದು. ಪಾರ್ವೋದಿಂದ ಮರಿ ಸತ್ತ ಮನೆಯಲ್ಲಿ ಆ ವಿಷಾಣು ತಿಂಗಳುಗಟ್ಟಲೆ ಉಳಿಯಬಲ್ಲುದು. ಅಂಥಲ್ಲಿಗೆ ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿಯನ್ನು ತರುವುದು ಸರಿಯಲ್ಲ.

ಕಾಗದಪತ್ರಗಳ ಬಗ್ಗೆ ಒಂದು ಮಾತು. ಚೆನ್ನೈಯ ಕೆನೆಲ್ ಕ್ಲಬ್ ಆಫ್ ಇಂಡಿಯಾ ವಂಶಾವಳಿಯ ಪತ್ರ ಕೊಡುತ್ತದೆ. ಅಲ್ಲಿ ನಮ್ಮ ಮುಧೋಳಕ್ಕೆ ಕ್ಯಾರವಾನ್ ಹೌಂಡ್ ಎಂದು ಹೆಸರು. ಆ ಹೆಸರು ಕಂಡು ಮೋಸವೆಂದು ಭಾವಿಸಬೇಡಿ. ಪತ್ರದಲ್ಲಿನ ಮೈಕ್ರೋಚಿಪ್ ಸಂಖ್ಯೆ ಮರಿಯ ಮೈಯಲ್ಲಿನ ಸಂಖ್ಯೆಗೆ ಹೊಂದುವುದೋ ಎಂದು ವೈದ್ಯರಲ್ಲಿ ಓದಿಸಿ ನೋಡಿರಿ. ಪತ್ರ ವಂಶವನ್ನು ಹೇಳುತ್ತದೆ, ಆರೋಗ್ಯವನ್ನಲ್ಲ.

ಮೋಸ ಹೋದವರು ನಾಚಿಕೆಯಿಂದ ಸುಮ್ಮನಾಗುವುದೇ ವಂಚಕರ ದೊಡ್ಡ ಆಸರೆ. ಫೋನಿನ ಮೂಲಕ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸುವಿರೋ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಬಂದ ಸಂದೇಶ, ಚಿತ್ರ, ಹಣ ರವಾನೆಯ ಸಂಖ್ಯೆ ಯಾವುದನ್ನೂ ಅಳಿಸಬಾರದು. ಹಣ ಹಿಂದಿರುಗಿಸುತ್ತೇವೆ, ಈ ಚೌಕವನ್ನು ಸ್ಕ್ಯಾನ್ ಮಾಡಿ ರಹಸ್ಯ ಸಂಖ್ಯೆ ಒತ್ತಿರಿ ಎಂದು ಅದೇ ಮಂದಿ ಮತ್ತೆ ಕರೆದಾರು. ಹಣ ಪಡೆಯುವುದಕ್ಕೆ ರಹಸ್ಯ ಸಂಖ್ಯೆ ಬೇಕಾಗುವುದೇ ಇಲ್ಲ. ಗುರುತಿರುವ ಮಾರಾಟಗಾರ ರೋಗದ ಮರಿಯನ್ನು ಕೊಟ್ಟಿದ್ದರೆ ದಾರಿ ಬೇರೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೆ ರಸೀದಿ ಬೇಕು, ಮರಿ ತಂದ ಒಂದೆರಡು ದಿನದೊಳಗೆ ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಚೀಟಿ ಬೇಕು. ಮರಿ ತೀರಿಕೊಂಡಿದ್ದರೆ ಹೂಳುವ ಮುನ್ನ ಪಶು ಆಸ್ಪತ್ರೆಗೆ ಒಯ್ದು ಮರಣೋತ್ತರ ಪರೀಕ್ಷೆಯ ವರದಿಯನ್ನು ಬರೆಸಿಕೊಳ್ಳಿರಿ.