ಪುಸ್ತಕದಿಂದ ಎದ್ದು ಬರುವ ಕಅಬಾ: ಮಕ್ಕಳಿಗೆ ಎಷ್ಟು ಲಾಭ?

ರಜೆಯಲ್ಲಿ ದಮಾಮ್‌ನಿಂದ ಬಂದ ಪೋಷಕರೊಬ್ಬರು ಮಗನಿಗೆಂದು ತಂದ ಪುಸ್ತಕವನ್ನು ಮದ್ರಸಕ್ಕೆ ಕಳಿಸಿದ್ದರು. ಪುಟದ ಮೇಲೆ ಮೊಬೈಲ್ ಹಿಡಿದರೆ ಪರದೆಯಲ್ಲಿ ಕಅಬಾ ಎದ್ದು ನಿಲ್ಲುತ್ತದೆ. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್ ಅಂತ ಹೆಸರು. ಕ್ಯಾಮೆರಾ ಆ ಪುಟದ ಚಿತ್ರವನ್ನು ಗುರುತು ಹಿಡಿದು, ಅದರ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಆಕೃತಿಯನ್ನು ಕೂರಿಸುತ್ತದೆ, ಅಷ್ಟೇ. ಅಂದಿನಿಂದ ನಮ್ಮಲ್ಲಿ ಹಲವು ತಾಯಂದಿರು ಕೇಳ್ತಿದ್ದಾರೆ: "ಉಸ್ತಾದರೇ, ನಾವೂ ಒಂದು ತರಿಸಬೇಕಾ?"

ಒಂದು ವಿಷಯ ಒಪ್ಪಲೇಬೇಕು. ತವಾಫ್ ಪಾಠ ಮಾಡುವಾಗ ಹತೀಮ್ ಬಗ್ಗೆ ಹೇಳಿ ಹೇಳಿ ನಮಗೆ ಸಾಕಾಗ್ತದೆ. ಕಅಬಾದ ಒಂದು ಬದಿಯಲ್ಲಿರುವ ಆ ಅರ್ಧ ಚಂದ್ರಾಕಾರದ ಗೋಡೆಯ ಹೊರಗಿನಿಂದಲೇ ಸುತ್ತಬೇಕು, ಒಳಗಿನಿಂದ ಹಾದುಹೋದರೆ ಆ ಸುತ್ತು ಲೆಕ್ಕಕ್ಕಿಲ್ಲ. ಇದನ್ನು ಬೋರ್ಡಿನಲ್ಲಿ ಗೀಚಿದರೆ ಮಕ್ಕಳು ತಲೆ ಆಡಿಸ್ತಾರೆ, ಪರೀಕ್ಷೆಯಲ್ಲಿ ತಪ್ಪು ಬರೀತಾರೆ. ಈ ಪುಸ್ತಕದಲ್ಲಿ ಫೋನನ್ನು ಸುತ್ತಲೂ ತಿರುಗಿಸಿದಾಗ ಹಜರುಲ್ ಅಸ್ವದ್ ಇರುವ ಮೂಲೆ, ಹತೀಮ್, ರುಕ್ನ್ ಯಮಾನಿ ಒಂದೊಂದಾಗಿ ಕಣ್ಣಮುಂದೆ ಬಂತು. ಐದನೇ ತರಗತಿಯ ಹುಡುಗನೊಬ್ಬ "ಓ, ಹೀಗಾ!" ಅಂದ. ಅದು ಲಾಭವೇ.

ಆದರೆ ಇದೇ ಪಾಠಕ್ಕೆ ನಾವು ಹಿಂದೆ ಬಿಸ್ಕತ್ತಿನ ದೊಡ್ಡ ರಟ್ಟಿನ ಪೆಟ್ಟಿಗೆಗೆ ಕಪ್ಪು ಬಟ್ಟೆ ಹೊದಿಸಿ, ಅಂಗಳದಲ್ಲಿ ಸೀಮೆಸುಣ್ಣದಿಂದ ಹತೀಮ್ ಗೆರೆ ಎಳೆದು, ಮಕ್ಕಳನ್ನು ಏಳು ಸುತ್ತು ನಡೆಸಿದ್ದುಂಟು. ಕಅಬಾ ಎಡಗಡೆಗೆ ಇರಬೇಕು ಎಂಬುದನ್ನು ಅವರ ಕಾಲುಗಳೇ ಕಲಿತವು. ಖರ್ಚು ಏನೂ ಇಲ್ಲ. (ಬಟ್ಟೆ ಮನೆಯವರದ್ದು, ಅದಕ್ಕೆ ಬೈಗುಳ ತಿಂದದ್ದು ಬೇರೆ ವಿಷಯ.)

ಇನ್ನು ಓದುವ ವಿಷಯ. ಕೆಲವು ಪುಸ್ತಕಗಳಲ್ಲಿ ಅಕ್ಷರದ ಮೇಲೆ ಫೋನ್ ಹಿಡಿದರೆ ಬಾಯಿಯ ಒಳಭಾಗ ಕಾಣ್ತದೆ, ನಾಲಗೆ ಎಲ್ಲಿ ತಾಗುತ್ತದೆ ಎಂದು ತೋರಿಸ್ತದೆ. ದ್ವಾದ್ ಅಕ್ಷರಕ್ಕೆ ನಾಲಗೆಯ ಬದಿ ಮೇಲಿನ ದವಡೆ ಹಲ್ಲಿಗೆ ತಾಗಬೇಕು. ನಮ್ಮ ಮಕ್ಕಳಲ್ಲಿ ಒಬ್ಬ 'ದ' ಅಂತಾನೆ, ಇನ್ನೊಬ್ಬ 'ಳ' ಅಂತಾನೆ. ಉಸ್ತಾದ್ ಎಷ್ಟು ಬಾಯಿ ತೆರೆದರೂ ಆ ಜಾಗ ಕಾಣುವುದಿಲ್ಲ. ಚಿತ್ರ ಕಂಡರೆ ಒಳ್ಳೆಯದೇ. ಆದರೆ ಮಗು ತಪ್ಪಾಗಿ ಹೇಳಿದಾಗ ಆ ಚಿತ್ರ ಸುಮ್ಮನೆ ನಗ್ತಾ ಇರ್ತದೆ, ತಿದ್ದುವುದಿಲ್ಲ. ಕುರ್‌ಆನ್ ಪಾರಾಯಣ ಉಸ್ತಾದರ ಬಾಯಿಂದ ಕೇಳಿ, ಅವರಿಗೆ ಓದಿ ಒಪ್ಪಿಸಿ ಕಲಿಯುವ ವಿದ್ಯೆ. ಫೋನಿನಲ್ಲಿ ನೋಡಿದ್ದಾನಲ್ಲ ಅಂತ ಒಂದು ವಾರ ಮದ್ರಸ ತಪ್ಪಿಸಿದ ಮಗುವನ್ನು ನಾವು ನೋಡಿದ್ದೇವೆ.

ಕತೆ ಪುಸ್ತಕಗಳಲ್ಲಿ ಇನ್ನೂ ಜಾಗ್ರತೆ ಬೇಕು. ನೂಹ್ ನಬಿಯವರ ಹಡಗು, ಯೂನುಸ್ ನಬಿಯವರನ್ನು ನುಂಗಿದ ಮೀನು ಇವೆಲ್ಲ ಪುಟದಿಂದ ಹಾರಿ ಬರುವಾಗ ಮಗು ಮೀನನ್ನೇ ಹತ್ತು ಸಲ ಕುಣಿಸ್ತದೆ, ಕೆಳಗಿನ ಎರಡು ಸಾಲು ಓದುವುದಿಲ್ಲ. ಎಲ್ಲಿಂದಲೋ ಬಂದ ಪುಸ್ತಕದಲ್ಲಿ ಪ್ರವಾದಿಗಳಿಗೇ ರೂಪ ಕೊಟ್ಟಿದ್ದರೆ? ಮಗುವಿನ ಕೈಗೆ ಕೊಡುವ ಮೊದಲು ದೊಡ್ಡವರು ಪ್ರತಿ ಪುಟದ ಮೇಲೂ ಒಮ್ಮೆ ಫೋನ್ ಹಿಡಿದು ನೋಡಲೇಬೇಕು.

ಬಾಳಿಕೆ ಎಷ್ಟು ದಿನ ಎಂಬುದನ್ನಂತೂ ಯಾರೂ ಕೇಳುವುದಿಲ್ಲ. ಪುಸ್ತಕ ಕಾಗದದ್ದು, ಜೀವ ಆ್ಯಪಿನದ್ದು. ಗೂಗಲ್‌ನಂತಹ ಕಂಪನಿಯೇ ತರಗತಿಗಳಿಗೆಂದು ಮಾಡಿದ್ದ ಎಕ್ಸ್‌ಪೆಡಿಷನ್ಸ್ ಆ್ಯಪನ್ನು 2021ರಲ್ಲಿ ನಿಲ್ಲಿಸಿತು. ನಾವು ಹೇಳಿದ ಆ ದಮಾಮ್ ಪುಸ್ತಕದ ಕತೆಯೂ ಅದೇ. ಆ ಪೋಷಕರು ಹೊಸ ಫೋನ್ ತೆಗೆದ ಮೇಲೆ ಆ್ಯಪ್ ಹುಡುಕಿದರೆ ಎಲ್ಲೂ ಇಲ್ಲ.

ನಮಗೆ ಹೆಚ್ಚು ಚುಚ್ಚಿದ್ದು ಬೇರೆಯೇ. ಅಂದು ತರಗತಿಯಲ್ಲಿ ಎಲ್ಲರೂ ಫೋನಿಗೆ ಮುತ್ತಿದಾಗ ಹಿಂದೆ ನಿಂತಿದ್ದ ಒಬ್ಬ ಹೇಳಿದ: "ನಮ್ಮ ಮನೆಯಲ್ಲಿ ಒಂದೇ ಫೋನ್. ಬಾಪ ದಕ್ಕೆಗೆ ಹೋಗುವಾಗ ಕೊಂಡೋಗ್ತಾರೆ." ಶಾಲೆಯ ಪಠ್ಯಪುಸ್ತಕದಲ್ಲೂ ದೀಕ್ಷಾ ಆ್ಯಪಿನ ಕ್ಯೂಆರ್ ಕೋಡ್ ಉಂಟು. ಅದನ್ನೂ ಆ ಹುಡುಗ ಒಮ್ಮೆಯೂ ತೆರೆದು ನೋಡಿಲ್ಲವಂತೆ.

ಆದ್ದರಿಂದ ಜಮಾಅತ್ ಕಮಿಟಿಯವರಲ್ಲಿ ನಾವು ಕೇಳಿದ್ದು ಇಷ್ಟೇ. ಮನೆಮನೆಗೆ ಬೇಡ. ಹಜ್ಜ್ ಪಾಠಕ್ಕೆ ಒಂದು, ಮಖ್ರಜ್ ಪಾಠಕ್ಕೆ ಒಂದು ಪುಸ್ತಕ, ಜೊತೆಗೆ ಒಂದು ಟ್ಯಾಬ್ ಮದ್ರಸದಲ್ಲಿರಲಿ. ಉಸ್ತಾದರ ಕೈಯಲ್ಲಿ, ಎಲ್ಲ ಮಕ್ಕಳ ಎದುರಿಗೆ, ಹತ್ತು ನಿಮಿಷ. ಉಳಿದ ದುಡ್ಡಿಗೆ ಮಾಮೂಲಿ ಕತೆ ಪುಸ್ತಕ ತಂದು ಕಪಾಟು ತುಂಬಿಸೋಣ. ಕಮಿಟಿ ಮುಂದಿನ ಸಭೆಯಲ್ಲಿ ನೋಡುವ ಅಂದಿದೆ. ಆ ದಮಾಮ್ ಪುಸ್ತಕವನ್ನು ಪೋಷಕರು ಮದ್ರಸಕ್ಕೇ ಬಿಟ್ಟಿದ್ದಾರೆ. ಆ್ಯಪ್ ಇಲ್ಲದಿದ್ದರೂ ಅದರ ಚಿತ್ರಗಳು ಚೆನ್ನಾಗಿವೆ, ದಕ್ಕೆಯವರ ಮಗ ಕಳೆದ ವಾರ ಅದನ್ನು ಮನೆಗೆ ಕೊಂಡೋಗಿದ್ದಾನೆ.