ವಿಶ್ವಸಾಹಿತ್ಯವೂ ಗಣಿಯೂರಿನ ಮಕ್ಕಳೂ



2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ತರುವಾಯ ಕೆ.ಜಿ.ಎಫ್‌.ನ ಜನರು ನಸುಕಿನಲ್ಲಿಯೇ ಮಾರಿಕುಪ್ಪಂ ರೈಲನ್ನೇರಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿನ ದುಡಿಮೆಗೆ ತೆರಳುವುದು ತಮಗೆ ವಿದಿತವೇ ಆಗಿದೆ. ಆ ಬೋಗಿಗಳಲ್ಲಿ ಬುತ್ತಿಯನ್ನು ಮಡಿಲಲ್ಲಿರಿಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಆನ್‌ಲೈನ್ ಪದವಿಯ ವಿಶ್ವಸಾಹಿತ್ಯದ ಪಾಠಗಳನ್ನು ಏಕಾಗ್ರಚಿತ್ತದಿಂದ ಆಲಿಸುವ ತರುಣ ತರುಣಿಯರನ್ನು ಕಂಡಾಗಲೆಲ್ಲ ನನ್ನ ಹೃದಯವು ತುಂಬಿಬರುತ್ತದೆ. ಫ್ರಾನ್ಸಿನ ಕಲ್ಲಿದ್ದಲ ಗಣಿಗಾರರ ಬವಣೆಯನ್ನು ನಿರೂಪಿಸುವ ಎಮಿಲ್ ಜೋಲಾನ ‘ಜರ್ಮಿನಲ್’ (1885) ಕಾದಂಬರಿಯ ಮರ್ಮವು, ಕೆ.ಜಿ.ಎಫ್. ಗಣಿಪ್ರದೇಶದ ಚಾಂಪಿಯನ್ ರೀಫ್‌ನ ಕಾರ್ಮಿಕರ ಸಾಲುಮನೆಗಳಲ್ಲಿ ಬೆಳೆದವರಿಗಲ್ಲದೆ ಮತ್ತಾರಿಗೆ ಅಷ್ಟು ಬೇಗ ಹೊಳೆದೀತು? ಪಾರಸೀಕ ಕವಿ ಉಮರ್ ಖಯ್ಯಾಮನನ್ನು ‘ಉಮರನ ಒಸಗೆ’ಯ ಮೂಲಕ ಕನ್ನಡಿಗರ ಮನೆಗೆ ಕರೆತಂದ ಡಿ.ವಿ.ಜಿ.ಯವರಾದರೋ ನಮ್ಮ ನೆರೆಯ ಮುಳಬಾಗಿಲಿನವರೇ. ಆದುದರಿಂದ ವಿಶ್ವವಿದ್ಯಾನಿಲಯಗಳು ಇಂತಹ ಕೃತಿಗಳನ್ನು ಪಠ್ಯಕ್ಕೆ ಸೇರಿಸಿ, ನೆಟ್‌ವರ್ಕ್ ಸಿಗದೆಡೆಯಲ್ಲಿಯೂ ಕೇಳಬಹುದಾದ ಕನ್ನಡ ಪಾಠಗಳನ್ನು ಒದಗಿಸಬೇಕೆಂದು ಪ್ರಾರ್ಥಿಸುತ್ತೇನೆ.

— ಓರ್ವ ಓದುಗ, ಬಂಗಾರಪೇಟೆ