ಮ್ಯಾನ್ ಆಫ್ ದಿ ಸೀರೀಸ್ ಯಾರು? ಮೊದಲು ಲೆಕ್ಕದ ಪುಸ್ತಕ ತೆಗೀರಿ

2025ರ ಜನವರಿ 18, ಶನಿವಾರ. ವಡೋದರದಲ್ಲಿ ವಿಜಯ್ ಹಜಾರೆ ಟ್ರೋಫಿ ಫೈನಲ್. ಕರ್ನಾಟಕ 348 ರನ್ ಹೊಡೆದು, ವಿದರ್ಭವನ್ನು 312ಕ್ಕೆ ಕಟ್ಟಿಹಾಕಿ, 36 ರನ್‌ಗಳಿಂದ ಗೆದ್ದಿತು. ಐದನೇ ಸಲ ಆ ಕಪ್ ನಮ್ಮದಾಯಿತು. ಹೆತ್ತೂರಿನಲ್ಲಿ ಸಿಗ್ನಲ್ ಸಿಗುವ ಜಾಗ ಹುಡುಕಿಕೊಂಡು ಫೋನಿನಲ್ಲಿ ಮ್ಯಾಚ್ ನೋಡುತ್ತಿದ್ದ ನಮಗೆಲ್ಲ ಖುಷಿಯೋ ಖುಷಿ. ಆ ಖುಷಿ ಇದ್ದಿದ್ದು ಪ್ರೈಜ್ ಕೊಡುವ ತನಕ ಮಾತ್ರ. ಸರಣಿ ಶ್ರೇಷ್ಠ ಅಂತ ಕರೆದ ಹೆಸರು ಸೋತ ಟೀಮಿನ ಕ್ಯಾಪ್ಟನ್‌ದು: ಕರುಣ್ ನಾಯರ್.

ಮಾರನೇ ದಿನ ಟೀ ಅಂಗಡಿಯಲ್ಲಿ ಅದೇ ಮಾತು.

"ಕಪ್ ನಮ್ದು, ಪ್ರೈಜ್ ಅವರಿಗೆ. ಇದ್ಯಾವ ನ್ಯಾಯ ಕಣಣ್ಣ?"

"ಅವರು ಅಂದ್ರೆ ಯಾರೋ? ಕರುಣ್ ನಮ್ಮೋನೇ ಕಣೋ. ಬೇಡ ಅಂತ ಬಿಟ್ಟಿದ್ದು ನಾವೇ."

"ಫೈನಲ್‌ನಲ್ಲಿ 27ಕ್ಕೆ ಔಟಾದ. ಗೆಲ್ಸಿದ್ನಾ? ಮಯಾಂಕ್ ಕಪ್ ಎತ್ತಿದಾನೆ ನೋಡು."

ಇಂಥ ಜಗಳ ನಮಗೆ ಇಷ್ಟ. ಪ್ರತಿ ಸೀಸನ್ ಮುಗಿದಾಗಲೂ ಆಗುತ್ತೆ, ಆಗಲೂಬೇಕು. ಆದರೆ ಇದರಲ್ಲಿ ಗೆಲ್ಲುವುದು ಯಾರ ಗಂಟಲು ದೊಡ್ಡದೋ ಅವರು. ಅದಾಗಬಾರದು ಅನ್ನೋದು ನಮ್ಮ ಮಾತು. ಯಾಕೆ ಅಂತ ಒಂದೊಂದಾಗಿ ಹೇಳುತ್ತೇವೆ. ಕೊನೆಗೆ ನಮ್ಮ ಮೈದಾನಕ್ಕೇ ಬರುತ್ತೇವೆ.

ಮೊದಲು ಅಂಕಿ ನೋಡೋಣ. ಆ ಟೂರ್ನಿಯಲ್ಲಿ ಕರುಣ್ ಎಂಟು ಇನಿಂಗ್ಸ್‌ನಲ್ಲಿ ಹೊಡೆದ ರನ್ 779. ಐದು ಸೆಂಚುರಿ. ಎಂಟರಲ್ಲಿ ಔಟಾಗಿದ್ದು ಎರಡೇ ಸಲ, ಹಾಗಾಗಿ ಸರಾಸರಿ 389.50. ಶುರುವಿನಿಂದ 542 ರನ್ ಆಗುವ ತನಕ ಅವನನ್ನು ಒಬ್ಬರೂ ಔಟ್ ಮಾಡಲಿಲ್ಲ. ಲಿಸ್ಟ್ ಎ ಕ್ರಿಕೆಟ್‌ನಲ್ಲಿ ಅದು ವಿಶ್ವದಾಖಲೆ. ಇತ್ತ ಕಡೆ ಮಯಾಂಕ್ ಅಗರ್ವಾಲ್ 651 ರನ್, ನಾಲ್ಕು ಸೆಂಚುರಿ, ಮೇಲೆ ಕಪ್ ಗೆದ್ದ ಕ್ಯಾಪ್ಟನ್. ಬೇರೆ ಯಾವ ವರ್ಷವಾದರೂ ಮಯಾಂಕ್‌ಗೆ ಕೊಟ್ಟಿದ್ದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ನಮ್ಮ ಓಟು ಕರುಣ್‌ಗೆ. ಕಪ್ ಅನ್ನೋದು ಟೀಮಿಗೆ ಕೊಡುವ ಪ್ರೈಜ್. ಅದನ್ನು ಕರ್ನಾಟಕಕ್ಕೆ ಕೊಟ್ಟಾಯಿತು. ಫೈನಲ್‌ನ ಪಂದ್ಯಶ್ರೇಷ್ಠ ಅನ್ನೋದು ಒಂದು ದಿನದ ಪ್ರೈಜ್. ಅದು 101 ಹೊಡೆದ ನಮ್ಮ ಸ್ಮರಣ್‌ಗೆ ಸಿಕ್ಕಿತು. ಸರಣಿ ಶ್ರೇಷ್ಠ ಅನ್ನೋದು ಇಡೀ ಟೂರ್ನಿಯ ಲೆಕ್ಕ. ಮೂರೂ ಬೇರೆ ಬೇರೆ. ಫೈನಲ್ ಗೆದ್ದವರಿಗೇ ಮೂರನ್ನೂ ಕೊಡೋದಾದರೆ ಮೂರು ಪ್ರೈಜ್ ಇಡುವುದಾದರೂ ಯಾಕೆ?

ಇದು ಒಂದು ಸಲ ಆಗಿದ್ದಲ್ಲ. 2016ರ ಐಪಿಎಲ್ ನೆನಪಿದೆಯಲ್ಲ. ವಿರಾಟ್ ಕೊಹ್ಲಿ 973 ರನ್ ಹೊಡೆದ. ಆರೆಂಜ್ ಕ್ಯಾಪ್ ಅವನದು, ಸರಣಿ ಶ್ರೇಷ್ಠ ಅವನೇ. ಬೆಂಗಳೂರಿನಲ್ಲೇ ನಡೆದ ಫೈನಲ್‌ನಲ್ಲಿ ಆರ್‌ಸಿಬಿ 8 ರನ್‌ಗಳಿಂದ ಸೋತಿತು. ಆಗ ನಮ್ಮಲ್ಲಿ ಒಬ್ಬರೂ "ಸೋತ ಟೀಮಿನವನಿಗೆ ಯಾಕೆ ಪ್ರೈಜ್" ಅಂತ ಕೇಳಲಿಲ್ಲ. 2025ರಲ್ಲಿ ತಿರುಗುಮುರುಗು ಆಯಿತು. ಹದಿನೆಂಟು ವರ್ಷ ಕಾದು ಆರ್‌ಸಿಬಿ ಕಪ್ ಗೆದ್ದಿತು. ಆದರೆ ಆರೆಂಜ್ ಕ್ಯಾಪ್ 759 ರನ್ ಹೊಡೆದ ಗುಜರಾತ್ ಟೈಟನ್ಸ್‌ನ ಸಾಯಿ ಸುದರ್ಶನ್‌ಗೆ. ಪರ್ಪಲ್ ಕ್ಯಾಪ್ 25 ವಿಕೆಟ್ ತೆಗೆದ ಅದೇ ಟೀಮಿನ, ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣಗೆ. ಸರಣಿ ಶ್ರೇಷ್ಠ ಮುಂಬೈನ ಸೂರ್ಯಕುಮಾರ್ ಯಾದವ್‌ಗೆ. ಮೂರರಲ್ಲಿ ಒಂದೂ ಆರ್‌ಸಿಬಿಗೆ ಬರಲಿಲ್ಲ. ಆ ರಾತ್ರಿ ಪಟಾಕಿ ಹೊಡೆದವರಿಗೆ ಅದು ನೆನಪೂ ಆಗಲಿಲ್ಲ.

ಹೆಣ್ಣುಮಕ್ಕಳ ಆಟದಲ್ಲೂ ಇದೇ ಪ್ರಶ್ನೆ ಬಂತು. 2024ರ ಡಬ್ಲ್ಯುಪಿಎಲ್ ಕಪ್ ಆರ್‌ಸಿಬಿಯದು. ಹೆಚ್ಚು ರನ್ ಎಲಿಸ್ ಪೆರಿಯದು, 347. ಹೆಚ್ಚು ವಿಕೆಟ್ ನಮ್ಮ ಶ್ರೇಯಾಂಕಾ ಪಾಟೀಲ್‌ದು, 13. ಫೈನಲ್‌ನಲ್ಲಿ 12 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತಿದ್ದಳು. ಇಷ್ಟಾದರೂ ಸರಣಿ ಶ್ರೇಷ್ಠ ಆಗಿದ್ದು ಯುಪಿ ವಾರಿಯರ್ಸ್‌ನ ದೀಪ್ತಿ ಶರ್ಮಾ. ಆ ಟೀಮು ಪ್ಲೇಆಫ್‌ಗೂ ಬಂದಿರಲಿಲ್ಲ. ಆದರೆ ದೀಪ್ತಿ ಬ್ಯಾಟಲ್ಲೂ ಬಾಲಲ್ಲೂ ಟೀಮನ್ನು ಹೊತ್ತಿದ್ದಳು: 295 ರನ್, 10 ವಿಕೆಟ್. ಶ್ರೇಯಾಂಕಾಗೆ ಸಿಗಬೇಕಿತ್ತು ಅನ್ನೋರು ನಮ್ಮಲ್ಲೇ ಇದ್ದಾರೆ, ದೀಪ್ತಿಯದೇ ಸರಿ ಅನ್ನೋರೂ ಇದ್ದಾರೆ. ಇಬ್ಬರ ಕೈಯಲ್ಲೂ ಅಂಕಿ ಇದೆ. ಜಗಳ ಅಂದರೆ ಹಾಗಿರಬೇಕು.

ಈ ಜಗಳವನ್ನು ದೊಡ್ಡ ಮಟ್ಟದಲ್ಲಿ ಮಾಡೋರು ಅಮೆರಿಕದವರು. ಅಲ್ಲಿಯ ಬೇಸ್‌ಬಾಲ್ ಸೀಸನ್ ಮುಗಿಯುತ್ತಿದ್ದಂತೆ "ಈ ವರ್ಷದ ಅತ್ಯಮೂಲ್ಯ ಆಟಗಾರ ಯಾರು" ಅಂತ ಅಭಿಮಾನಿಗಳು ವಾರಗಟ್ಟಲೆ ಕಿತ್ತಾಡುತ್ತಾರೆ. 2012ರಲ್ಲಿ ದೊಡ್ಡ ರಗಳೆಯೇ ಆಯಿತು. ಮಿಗೆಲ್ ಕಬ್ರೇರಾ ಅನ್ನೋನು ಬ್ಯಾಟಿಂಗ್ ಸರಾಸರಿ, ಹೋಮ್ ರನ್, ಹೊಡೆದು ತಂದುಕೊಟ್ಟ ರನ್ ಮೂರರಲ್ಲೂ ತನ್ನ ಲೀಗಿಗೆ ಮೊದಲಿಗನಾದ. 1967ರ ನಂತರ ಯಾರೂ ಅದನ್ನು ಮಾಡಿರಲಿಲ್ಲ. ಇನ್ನೊಂದು ಕಡೆ ಮೈಕ್ ಟ್ರೌಟ್ ಅನ್ನೋ ಹೊಸ ಹುಡುಗ. ಬ್ಯಾಟಿಂಗ್ ಜೊತೆಗೆ ಫೀಲ್ಡಿಂಗ್, ಓಟ ಎಲ್ಲ ಕೂಡಿಸಿದರೆ ಅವನೇ ಮೇಲು ಅಂತ ಲೆಕ್ಕದವರ ವಾದ. ಕೊನೆಗೆ ಕಬ್ರೇರಾಗೇ ಸಿಕ್ಕಿತು. ಆದರೆ ಅವತ್ತಿನ ವಾದದಿಂದ ಜನ ಒಂದು ಕಲಿತರು: ಹಿಡಿದ ಕ್ಯಾಚು, ತಡೆದ ರನ್ನು, ಓಡಿದ ಓಟ ಇವಕ್ಕೂ ಬೆಲೆ ಇದೆ.

ಅವರ ಪದ್ಧತಿಯಲ್ಲಿ ನಮಗೆ ಹಿಡಿಸಿದ್ದು ಎರಡು ವಿಷಯ. ಒಂದು, ಓಟು ಹಾಕೋರು ಪತ್ರಕರ್ತರು, ಒಂದೊಂದು ಟೀಮಿನ ಊರಿಂದ ಇಬ್ಬರಂತೆ. ಯಾರು ಯಾರಿಗೆ ಹಾಕಿದರು ಅಂತ ಆಮೇಲೆ ಹೆಸರು ಸಮೇತ ಗೊತ್ತಾಗುತ್ತೆ. ಎರಡು, ಕೊನೆಯ ನಾಕೌಟ್ ಪಂದ್ಯಗಳು ಶುರುವಾಗುವ ಮುಂಚೆಯೇ ಓಟು ಮುಗಿದಿರುತ್ತೆ. ಫೈನಲ್‌ನಲ್ಲಿ ಒಬ್ಬ ನಾಲ್ಕು ಸಿಕ್ಸ್ ಹೊಡೆದ ಅಂತ ಇಡೀ ವರ್ಷದ ಲೆಕ್ಕ ತಲೆಕೆಳಗಾಗೋದಿಲ್ಲ.

ಐಪಿಎಲ್‌ನಲ್ಲಿ ಓಟಿಲ್ಲ, ಪಾಯಿಂಟ್ ಲೆಕ್ಕ. ಫೋರ್‌ಗೆ 2.5, ಸಿಕ್ಸ್‌ಗೆ 3.5, ವಿಕೆಟ್‌ಗೆ 3.5, ಕ್ಯಾಚಿಗೆ 2.5, ಡಾಟ್ ಬಾಲ್‌ಗೆ 1. ಇದನ್ನು ನಮ್ಮ ಹುಡುಗರಿಗೆ ಹೇಳಿದಾಗ ಒಬ್ಬ ತಟ್ಟನೆ ಕೇಳಿದ: "ಹಂಗಾದ್ರೆ ಓಡಿ ತಗೊಂಡ ಸಿಂಗಲ್‌ಗೆ?" ಸಿಂಗಲ್‌ಗೆ ಪಾಯಿಂಟಿಲ್ಲ. ಒಂದು ಕಡೆ ವಿಕೆಟ್ ಬೀಳುತ್ತಿದ್ದಾಗ ಇನ್ನೊಂದು ಕಡೆ ಒಂದೊಂದೇ ರನ್ ಕೂಡಿಸಿ ಟೀಮನ್ನು ದಡ ಸೇರಿಸಿದವನಿಗೆ ಈ ಲೆಕ್ಕದಲ್ಲಿ ಜಾಗ ಕಡಿಮೆ. ಅಂದರೆ ಯಾವ ಲೆಕ್ಕವೂ ಪೂರ್ತಿ ಸರಿ ಇಲ್ಲ. ಆದರೂ ಅದು ಎಲ್ಲರಿಗೂ ಮುಂಚೆಯೇ ಗೊತ್ತಿರುತ್ತೆ. ಆಟ ಮುಗಿದ ಮೇಲೆ ಯಾರೋ ಬಂದು ಬದಲಾಯಿಸಲಾರರು.

ಈಗ ನಮ್ಮ ಮೈದಾನಕ್ಕೆ ಬರೋಣ.

ನಮ್ಮ ಕಡೆ ಟೂರ್ನಮೆಂಟ್ ಸೀಸನ್ ಅಂದರೆ ಗದ್ದೆ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮುಂಚೆ. ಅದರ ಮಧ್ಯೆ ಕಾಫಿ ಕೊಯ್ಲು, ಕಾಳುಮೆಣಸು ಬೇರೆ. ಇದ್ದ ಭಾನುವಾರಗಳಲ್ಲೇ ಬಯಲಿನಲ್ಲೋ ಸ್ಕೂಲ್ ಮೈದಾನದಲ್ಲೋ ಟೆನಿಸ್ ಬಾಲ್ ಕ್ರಿಕೆಟ್. ಆನೆ ಬಂದಿದೆ ಅಂತ ಸುದ್ದಿ ಬಂದರೆ ಕತ್ತಲಾಗುವ ಮುಂಚೆ ಮುಗಿಸಿ ಮನೆ ಸೇರಬೇಕು. ಹಾಗಾಗಿ ಫೈನಲ್ ಮುಗಿದ ತಕ್ಷಣ ಗಡಿಬಿಡಿಯಲ್ಲಿ ಪ್ರೈಜ್ ಹಂಚೋದು ರೂಢಿ.

ಅಂಥ ಒಂದು ಟೂರ್ನಮೆಂಟಿನಲ್ಲಿ ಮೈಕ್ ಹಿಡಿದಿದ್ದು ನಮ್ಮಲ್ಲೇ ಒಬ್ಬ. ಫೈನಲ್‌ನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಬಾಲುಗಳನ್ನು ತೋಟದ ಬೇಲಿ ದಾಟಿಸಿದ. ಜನ ಅವನ ಹೆಸರು ಕೂಗಿದರು. ಕಮಿಟಿಯವರು ನಮ್ಮ ಮುಖ ನೋಡಿದರು, "ಅವ್ನೇ ಅಲ್ವಾ?" ಅಂದರು. ನಾವು ಹೂಂ ಅಂದೆವು. ಮ್ಯಾನ್ ಆಫ್ ದಿ ಸೀರೀಸ್ ತೀರ್ಮಾನ ಆಗಿದ್ದು ಅಷ್ಟರಲ್ಲೇ. ಅವನ ಆ ಮುಂಚಿನ ಮ್ಯಾಚ್‌ಗಳ ರನ್ ಎಷ್ಟು ಅಂತ ನಾವು ಕೇಳಲಿಲ್ಲ.

ಅದೇ ಟೂರ್ನಮೆಂಟಿನಲ್ಲಿ ಎಡಗೈ ಬೌಲರ್ ಒಬ್ಬನಿದ್ದ. ಎಸ್ಟೇಟ್ ಲೈನಿನ ಹುಡುಗ. ವಾರವೆಲ್ಲ ಕೆಲಸ, ಭಾನುವಾರ ಆಟ. ಪ್ರತಿ ಮ್ಯಾಚ್‌ನಲ್ಲೂ ಕೊನೆ ಓವರ್ ಅವನ ಕೈಗೇ ಕೊಡುತ್ತಿದ್ದರು, ಅವನಿಗೆ ಹೊಡೆಯೋದು ಕಷ್ಟ ಅಂತ ಎದುರಿನವರಿಗೂ ಗೊತ್ತಿತ್ತು. ಸೆಮಿಫೈನಲ್‌ನಲ್ಲಿ ಅವನ ಟೀಮು ಸೋತಿತು, ಅಲ್ಲಿಗೆ ಎಲ್ಲರಿಗೂ ಅವನು ಮರೆತುಹೋದ. ನಮಗೂ ಮರೆತುಹೋದ.

ಒಂದೆರಡು ವಾರ ಕಳೆದು ಆ ಹುಡುಗ ನಮ್ಮ ಹತ್ತಿರ ಬಂದ. "ಅಣ್ಣಾ, ನನ್ ಬೌಲಿಂಗ್ ಎಲ್ಲಾದ್ರೂ ಬರ್ದಿಟ್ಟಿದ್ದೀರಾ? ಸಕಲೇಶಪುರದ ಕಡೆ ಒಂದು ಟೀಮಿನೋರು ಕೇಳ್ತಿದ್ದಾರೆ. ಎಷ್ಟು ವಿಕೆಟ್ ತಗ್ದಿದ್ದೀಯಾ ತೋರ್ಸು ಅಂದ್ರು."

ಹುಡುಕಿದೆವು. ಸಿಕ್ಕಿದ್ದು ರಟ್ಟು ಹರಿದ ಒಂದು ನೋಟ್‌ಬುಕ್. ಅದರಲ್ಲಿ ಟೀಮಿನ ಒಟ್ಟು ರನ್ ಇತ್ತು, ಬಿದ್ದ ವಿಕೆಟ್ ಇತ್ತು. ಯಾರು ಹೊಡೆದರು ಅನ್ನೋದು ಅಲ್ಲಲ್ಲಿ ಇತ್ತು. ಯಾರು ಬೌಲ್ ಮಾಡಿದರು ಅನ್ನೋ ಕಾಲಮ್ಮೇ ಇರಲಿಲ್ಲ. ಅವನು "ಪರ್ವಾಗಿಲ್ಲ ಬಿಡಿ ಅಣ್ಣಾ" ಅಂತ ಹೋದ. ಪತ್ರಿಕೋದ್ಯಮ ಓದಿದ ನಾವು, ಕಣ್ಣೆದುರು ನಡೆದಿದ್ದನ್ನು ಬರೆದುಕೊಳ್ಳದೆ ಮೈಕಿನಲ್ಲಿ ಕೂಗಿಕೊಂಡು ಕೂತಿದ್ದೆವು.

ಇದನ್ನು ಕರುಣ್ ನಾಯರ್ ಜೊತೆ ಇಟ್ಟು ನೋಡಿ. ಟೆಸ್ಟ್‌ನಲ್ಲಿ 303 ಹೊಡೆದವನು ಇಂಡಿಯಾ ಟೀಮಿಂದ ಹೊರಬಿದ್ದ, ಆಮೇಲೆ ಕರ್ನಾಟಕ ಟೀಮಿಂದಲೂ ಹೊರಬಿದ್ದ. ವಿದರ್ಭಕ್ಕೆ ಹೋಗಿ ಆಡಿದ. ಆ 779 ರನ್, ಅದೇ ಸೀಸನ್‌ನ ರಣಜಿಯಲ್ಲಿ ಹೊಡೆದ 863 ರನ್, ಎಲ್ಲ ಬರೆದಿಟ್ಟಿತ್ತು. ಯಾರೂ ಅಲ್ಲ ಅನ್ನುವ ಹಾಗಿರಲಿಲ್ಲ. 2025ರ ಜೂನ್‌ನಲ್ಲಿ, ಎಂಟು ವರ್ಷದ ಮೇಲೆ, ಮತ್ತೆ ಟೆಸ್ಟ್ ಆಡಿದ. ಆಮೇಲೆ ಕರ್ನಾಟಕಕ್ಕೂ ವಾಪಸ್ ಬಂದ. ಅವನ ಬ್ಯಾಟು ಎಷ್ಟು ಕೆಲಸ ಮಾಡಿತೋ ಸ್ಕೋರ್ ಬರೆದವರ ಪೆನ್ನೂ ಅಷ್ಟೇ ಮಾಡಿತು. ಅದೇ ಸೀಸನ್‌ನ ರಣಜಿಯಲ್ಲಿ ಟೂರ್ನಿ ಶ್ರೇಷ್ಠ ಆಗಿದ್ದು ವಿದರ್ಭದ ಎಡಗೈ ಸ್ಪಿನ್ನರ್ ಹರ್ಷ್ ದುಬೆ. ಅವನ 69 ವಿಕೆಟ್ ಒಂದು ರಣಜಿ ಸೀಸನ್‌ನ ಹೊಸ ದಾಖಲೆ. ಬೌಲಿಂಗ್ ಕಾಲಮ್ ಇದ್ದಿದ್ದಕ್ಕೆ ಅದು ಗೊತ್ತಾಯಿತು. ನಮ್ಮ ಎಡಗೈ ಹುಡುಗನಿಗೆ ಆ ಕಾಲಮ್ಮೇ ಇರಲಿಲ್ಲ.

ಆದ್ದರಿಂದ ಈ ಸೀಸನ್ ಟೂರ್ನಮೆಂಟ್ ಮಾಡುವ ಹೆತ್ತೂರು, ಯಸಳೂರು ಕಡೆಯ ಎಲ್ಲ ಕಮಿಟಿಗಳಿಗೂ ನಮ್ಮ ಮನವಿ ಇಷ್ಟು.

ಮೊದಲನೇದು, ಮ್ಯಾನ್ ಆಫ್ ದಿ ಸೀರೀಸ್ ಹೇಗೆ ಆರಿಸುತ್ತೀರಿ ಅನ್ನೋದನ್ನು ಮೊದಲ ಬಾಲ್ ಹಾಕುವ ಮುಂಚೆ ಮೈಕಿನಲ್ಲಿ ಹೇಳಿ. ರನ್‌ಗೆ ಎಷ್ಟು, ವಿಕೆಟ್‌ಗೆ ಎಷ್ಟು, ಕ್ಯಾಚಿಗೆ, ರನೌಟಿಗೆ ಎಷ್ಟು ಪಾಯಿಂಟ್ ಅಂತ ಒಂದು ಹಾಳೆಯಲ್ಲಿ ಬರೆದು ಅಂಟಿಸಿ. ಲೆಕ್ಕ ನಿಮ್ಮದೇ ಇರಲಿ, ಸಿಂಗಲ್‌ಗೂ ಸ್ವಲ್ಪ ಜಾಗ ಕೊಡಿ.

ಎರಡನೇದು, ಸ್ಕೋರ್ ಪುಸ್ತಕದಲ್ಲಿ ಬೌಲಿಂಗ್ ಕಾಲಮ್ ಇರಲಿ. ಸ್ಕೋರ್ ಬರೆಯೋಕೆ ಹೈಸ್ಕೂಲಿನ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿ ನೋಡಿ, ನಮಗಿಂತ ಚೆನ್ನಾಗಿ ಬರೆಯುತ್ತಾರೆ. ಅವರಿಗೂ ಒಂದು ಪ್ರೈಜ್ ಇಡಿ. ಪ್ರತಿ ಮ್ಯಾಚ್ ಮುಗಿದ ಮೇಲೆ ಆ ಪುಟದ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ.

ಮೂರನೇದು, ಪಾಯಿಂಟ್ ಸಮ ಆದರೆ ಅಥವಾ ನೀವು ಓಟಿನಿಂದಲೇ ಆರಿಸೋದಾದರೆ, ಬೇರೆ ಬೇರೆ ಊರಿನ ಮೂರು ಜನ ಓಟು ಹಾಕಲಿ. ಆಟಗಾರರ ಮನೆಯವರು ಬೇಡ, ಪ್ರೈಜಿಗೆ ದುಡ್ಡು ಕೊಟ್ಟವರೂ ಬೇಡ. ಫೈನಲ್ ಶುರುವಾಗುವ ಮುಂಚೆ ಚೀಟಿ ಬರೆದು ಡಬ್ಬಕ್ಕೆ ಹಾಕಲಿ. ಪ್ರೈಜ್ ಕೊಡುವಾಗ ಯಾರು ಯಾರಿಗೆ ಹಾಕಿದರು ಅಂತ ಓದಿ ಹೇಳಿ.

"ಭಾನುವಾರದ ಆಟಕ್ಕೆ ಇಷ್ಟೆಲ್ಲ ಯಾಕ್ರೋ, ಮಜಾ ಹಾಳಾಗುತ್ತೆ" ಅನ್ನೋ ದೊಡ್ಡವರು ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಆಟ ಇರೋದು ಖುಷಿಗೇ. ಆದರೆ ಪ್ರೈಜ್ ಇಟ್ಟ ಮೇಲೆ ಅದು ಬರೀ ಖುಷಿಯ ವಿಷಯ ಅಲ್ಲ. ಆ ಹುಡುಗ ಕೇಳಿದ್ದು ಶೀಲ್ಡ್ ಅಲ್ಲ, ತಾನು ಮಾಡಿದ ಕೆಲಸದ ಲೆಕ್ಕ. ತೋಟದಲ್ಲಿ ಕೊಯ್ದ ಹಣ್ಣನ್ನು ಸಂಜೆ ತೂಕ ಹಾಕಿ ಬರೆದುಕೊಳ್ಳುತ್ತಾರೆ. ಬರೆಯದಿದ್ದರೆ ಯಾವ ಕೂಲಿಯವರೂ ಸುಮ್ಮನಿರಲ್ಲ. ಮೈದಾನದಲ್ಲಿ ಸುರಿಸಿದ ಬೆವರಿಗೆ ಮಾತ್ರ ತೂಕ ಬೇಡವಾ?

ಲೆಕ್ಕ ಬರೆದಿಟ್ಟರೆ ಜಗಳ ನಿಲ್ಲುತ್ತೆ ಅಂತ ನಾವು ಹೇಳುತ್ತಿಲ್ಲ. ಕರುಣ್‌ನದು ಮಯಾಂಕ್‌ನದು ಇಂಚಿಂಚು ಲೆಕ್ಕ ಇದ್ದೂ ನಮ್ಮ ಟೀ ಅಂಗಡಿಯಲ್ಲಿ ಇವತ್ತಿಗೂ ಎರಡು ಪಾರ್ಟಿ ಇದೆ. ಇರಲಿ. ನಮ್ಮ ಹುಡುಗರ ಬಗ್ಗೆಯೂ ಅಷ್ಟೇ ಜೋರಾಗಿ, ಅಂಕಿ ಹಿಡಿದು ಜಗಳ ಆಡುವ ಹಾಗಾಗಲಿ.

ಈ ಸಲ ಮೈಕ್ ಬೇರೆ ಯಾರಾದರೂ ಹಿಡೀರಿ. ನಾವು ಸ್ಕೋರ್ ಪುಸ್ತಕದ ಹತ್ತಿರ ಕೂರುತ್ತೇವೆ. ಬೌಲಿಂಗ್ ಕಾಲಮ್ಮಿಗೆ ಈಗಲೇ ಗೆರೆ ಹಾಕಿಟ್ಟಿದ್ದೇವೆ.